ಮೂರು ದಿನದ ನಿದ್ದೆ

"ಎಂಥ ಸಮಾಧಾನದ ಕೂಸವ್ವ ನಿಂದು, ಒಂದು ಸೊಲ್ಲಿಲ್ಲ!" ಪಕ್ಕದ ಮಂಚದ ಬಾಣಂತಿಯ ತಾಯಿ ಹೀಗೆ ಹೊಗಳಿದಾಗ ನನಗೆ ಹೆಮ್ಮೆಯೇ ಆಗಿತ್ತು. ಅವರ ಮೊಮ್ಮಗಳು ಬೆಳಗಿನಿಂದ ವಾರ್ಡನ್ನೇ ತಲೆ ಮೇಲೆ ಹೊತ್ತುಕೊಂಡಿದ್ದಳು. ನನ್ನ ಮಗ ಮಾತ್ರ ಅವ್ವನ ಹಳೇ ಹತ್ತಿ ಸೀರೆಯ ತುಂಡಿನೊಳಗೆ ಮುದುರಿಕೊಂಡು, ಬಾಯಿ ಅರೆ ತೆರೆದು ಮಲಗಿದ್ದ. ದೀಪ ಹಚ್ಚುವ ಹೊತ್ತಿಗೆ ಆ ಹೆಮ್ಮೆಯೇ ದಿಗಿಲಾಯಿತು. ಹುಟ್ಟಿ ಹನ್ನೆರಡು ಗಂಟೆ ಕಳೆದರೂ ಒಂದು ಸಲವೂ ನೆಟ್ಟಗೆ ಮೊಲೆ ಹಿಡಿದಿರಲಿಲ್ಲ. ಬಾಯಿಗಿಟ್ಟರೆ ಎರಡು ಸಲ ಚೀಪುವುದು, ತುಟಿ ಸಡಿಲ ಬಿಡುವುದು, ಮತ್ತೆ ನಿದ್ದೆ. ಅಂಗಾಲು ತಿಕ್ಕಿದೆವು, ಕಿವಿಯ ಹಿಂದೆ ಒದ್ದೆ ಬಟ್ಟೆ ಒತ್ತಿದೆವು, ಬಟ್ಟೆ ಬಿಚ್ಚಿ ಬರಿಮೈಯಲ್ಲಿ ಮಲಗಿಸಿದೆವು. ಮುಖ ಕಿವುಚಿ, ನೆಟಿಗೆ ಮುರಿದು, ಅವನು ಪುನಃ ತನ್ನ ಲೋಕಕ್ಕೆ ಹೋಗಿಬಿಡುತ್ತಿದ್ದ.

ಇದು 2016ರ ಮಾತು. ನಾನು ಡಿ.ಫಾರ್ಮ ಓದಿದವಳು. ದಾವಣಗೆರೆ ಪಿ.ಜೆ. ಬಡಾವಣೆಯ ಒಂದು ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ಆಗಲೇ ಆರು ವರ್ಷ ನಿಂತಿದ್ದೆ. ಬಸುರಿ ಹೆಂಗಸು ಬಂದು ತಲೆನೋವಿಗೆ ಮಾತ್ರೆ ಕೇಳಿದರೆ, ಎಷ್ಟು ತಿಂಗಳು, ಡಾಕ್ಟರು ಬರೆದಿದ್ದಾರಾ, ಚೀಟಿ ಎಲ್ಲಿ ಅಂತ ಹತ್ತು ಪ್ರಶ್ನೆ ಹಾಕುತ್ತಿದ್ದ ಹೆಂಗಸು ನಾನೇ. ನನ್ನ ಸೊಂಟಕ್ಕೆ ಸೂಜಿ ಚುಚ್ಚುವಾಗ ಒಂದು ಪ್ರಶ್ನೆಯೂ ಬಾಯಿಗೆ ಬರಲಿಲ್ಲ.

ಬ್ಯಾನೆ ಶುರುವಾದದ್ದು ತವರಿನಲ್ಲಿ, ಭರಮಸಾಗರದಲ್ಲಿ. ಚೊಚ್ಚಲ ಬಾಣಂತನ ತವರಿನದಲ್ಲವೇ. ಆದರೆ ಹೆರಿಗೆ ದಾವಣಗೆರೆಯಲ್ಲೇ ಆಗಲಿ ಅಂತ ಎರಡೂ ಮನೆಯವರು ಮೊದಲೇ ಮಾತಾಡಿಕೊಂಡಿದ್ದರು. ಅಣ್ಣ ಓಮ್ನಿ ತಂದ. ಹೈವೇಯಲ್ಲಿ ಆನಗೋಡು ದಾಟುವಾಗ ಹತ್ತು ನಿಮಿಷಕ್ಕೊಂದು ನೋವು, ಊರೊಳಗೆ ಬರುವಾಗ ಐದು ನಿಮಿಷಕ್ಕೊಂದು. ರಾತ್ರಿ ಹನ್ನೊಂದಕ್ಕೆ ಲೇಬರ್ ವಾರ್ಡಿಗೆ ಸೇರಿಸಿಕೊಂಡರು. ಆಸ್ಪತ್ರೆಯ ಹೆಸರು ಬೇಡ. ಅಲ್ಲಿಯವರು ಒರಟರೂ ಅಲ್ಲ, ಕೆಟ್ಟವರೂ ಅಲ್ಲ. ಒಬ್ಬ ಸಿಸ್ಟರ್ ಅಂತೂ ನನ್ನ ಬೆನ್ನು ತಿಕ್ಕುತ್ತಾ ಒಂದು ಗಂಟೆ ನಿಂತೇ ಇದ್ದರು. ಹೇಳಬೇಕಾದ ಒಂದು ಮಾತನ್ನು ಮಾತ್ರ ಯಾರೂ ಹೇಳಲಿಲ್ಲ, ಅಷ್ಟೇ.

ಡ್ರಿಪ್ ಹಾಕಿದ ಮೇಲೆ ನೋವು ನೋವಾಗಿ ಉಳಿಯಲಿಲ್ಲ. ಬ್ಯಾನೆ ಏರಿಸುವ ಆಕ್ಸಿಟೋಸಿನ್ ಏನು ಮಾಡುತ್ತದೆ ಅಂತ ಪುಸ್ತಕದಲ್ಲಿ ಓದುವುದೇ ಬೇರೆ, ಅದು ಹನಿ ಹನಿಯಾಗಿ ಒಳಗಿಳಿಯುವಾಗ ಗಡಿಯಾರ ನೋಡುತ್ತಾ ಮಲಗುವುದೇ ಬೇರೆ. ಮೂರು ಗಂಟೆ ಸುಮಾರಿಗೆ ನಾನು ಅವ್ವನ ಕೈ ಕಚ್ಚಿದೆನಂತೆ. ಆಗ ಸಿಸ್ಟರ್ ಬಂದು, "ನೋವಿನ ಇಂಜೆಕ್ಷನ್ ಹಾಕ್ತೀನಮ್ಮ, ಆ ಕಡೆ ತಿರುಕ್ಕೊಳ್ಳಿ" ಅಂದರು.

ನೋವಿನ ಇಂಜೆಕ್ಷನ್. ನಮ್ಮ ಕಡೆ ಇದೊಂದು ವಿಚಿತ್ರ ಮಾತು. ನೋವು ಬರಿಸುವುದಕ್ಕೂ ಅದೇ, ನೋವು ಹೋಗಿಸುವುದಕ್ಕೂ ಅದೇ. "ಯವ್ವಾ, ಇನ್ನೂ ನೋವು ಬರ್ಲಿ ಅಂತ ಕೊಡ್ತೀರೇನ್ರಿ?" ಅಂತ ಅವ್ವ ಗಾಬರಿಯಾಗಿ ಕೇಳಿದಳು. "ಇಲ್ಲಮ್ಮ, ಆರಾಮಾಗಲಿ ಅಂತ" ಅಂದರು ಸಿಸ್ಟರ್. ಆರಾಮ ಅನ್ನುವ ಪದಕ್ಕೆ ಆ ಹೊತ್ತಿನಲ್ಲಿ ಯಾರು ಇಲ್ಲ ಅಂತಾರೆ? ನಾನು ತಿರುಗಿದೆ.

ನೋವೇನೂ ಹೋಗಲಿಲ್ಲ. ಅದು ನನ್ನದಲ್ಲ, ಆಚೆ ಮಂಚದ ಯಾರದೋ ಅನ್ನಿಸಿತು. ಎರಡು ಬ್ಯಾನೆಗಳ ನಡುವಿನ ಮೂರು ನಿಮಿಷದಲ್ಲಿ ಗೊರಕೆ ಹೊಡೆದು ನಿದ್ದೆ ಮಾಡುತ್ತಿದ್ದೆನಂತೆ. ಬ್ಯಾನೆ ಏರಿದಾಗ ಎದ್ದು ಕೂಗುವುದು, ಇಳಿದಾಗ ಮತ್ತೆ ಜೋಂಪು. ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿತ್ತು, ಹೊಟ್ಟೆ ತೊಳಸುತ್ತಿತ್ತು. ಮುಕ್ಕುವ ಹೊತ್ತಿಗೆ ಎಚ್ಚರವಾಯಿತು. ಐದು ನಲವತ್ತಕ್ಕೆ ಮಗು ಹೊರಗೆ ಬಂತು.

ಅಳಲಿಲ್ಲ.

ಎಷ್ಟು ಹೊತ್ತು ಅಂತ ನಾನು ಹೇಳಲಾರೆ. ಅವ್ವನ ಲೆಕ್ಕದಲ್ಲಿ ಅದು ಅರ್ಧ ಗಂಟೆ, ಕೇಸ್ ಶೀಟಿನ ಲೆಕ್ಕದಲ್ಲಿ ಒಂದು ನಿಮಿಷದ ಆಸುಪಾಸು. ಮೂಲೆಯ ಬಿಸಿ ದೀಪದ ಕೆಳಗೆ ಬೆನ್ನು ತಿಕ್ಕಿದರು, ಬಾಯಿ ಒರೆಸಿದರು, ಸಣ್ಣ ಮಾಸ್ಕ್ ಇಟ್ಟು ಚೀಲ ಒತ್ತಿದರು. ಆಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ. "ಒಳಗೆ ಸ್ವಲ್ಪ ನೀರು ಕುಡಿದಿತ್ತು, ಈಗ ಸರಿಯಾಗಿದೆ" ಅಂತ ಯಾರೋ ಅಂದರು. ಆ ಮಾತನ್ನು ಅವ್ವ ಊರಿಗೆಲ್ಲ ಫೋನ್ ಮಾಡಿ ಹೇಳಿದಳು. ಇವತ್ತಿಗೂ ನಮ್ಮ ಬಂಧುಬಳಗದಲ್ಲಿ ನನ್ನ ಮಗ ಹುಟ್ಟುವಾಗ ನೀರು ಕುಡಿದವನೇ.

ಅಲ್ಲಿಂದಾಚೆಗಿನ ಎರಡು ದಿನ ನನ್ನ ಎದೆಯ ವಿಚಾರಣೆ ನಡೆಯಿತು. ಬಂದವರೆಲ್ಲ ಒಂದೊಂದು ತೀರ್ಪು ಕೊಟ್ಟರು. ಹಾಲು ಇಳಿದಿಲ್ಲ ಅಂದರು ಒಬ್ಬರು. ತೊಟ್ಟು ಚಪ್ಪಟೆ ಅಂದರು ಇನ್ನೊಬ್ಬರು. ಬಸುರಿಯಾಗಿದ್ದಾಗ ನಿಂತುಕೊಂಡೇ ಕೆಲಸ ಮಾಡಿದ್ದಕ್ಕೆ ಹೀಗೆ ಅಂದರು ಚಿಕ್ಕತ್ತೆ. ಅವ್ವ ಸಬ್ಬಸಿಗೆ ಪಲ್ಯ, ಮೆಂತ್ಯೆ ಗಂಜಿ, ಸುಟ್ಟ ಬೆಳ್ಳುಳ್ಳಿ ಅಂತ ಮೂರು ಹೊತ್ತೂ ತುರುಕಿದಳು. ಅಜ್ಜಿ ಸೆರಗಿನ ಗಂಟಿನಿಂದ ಜೇನಿನ ಶೀಶೆ ತೆಗೆದಾಗ ಮಾತ್ರ ನನ್ನ ಓದು ನೆನಪಿಗೆ ಬಂತು. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು, ಅದರಲ್ಲಿ ಬಾಟುಲಿಸಂ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು. ಬೇಡ ಅಂದೆ. "ನಿನಗೂ ನೆಕ್ಕಿಸಿದ್ದೆ, ಸತ್ತೇನು?" ಅಂತ ಅಜ್ಜಿ ಮುನಿಸಿಕೊಂಡು ಕಿಟಕಿ ಕಡೆ ತಿರುಗಿದಳು.

ಎರಡನೇ ಬೆಳಿಗ್ಗೆ ನಮ್ಮನೆಯವರು ಹಾಲಿನ ಪುಡಿಯ ಡಬ್ಬ ಹಿಡಿದು ಬಂದರು. ನಾನು ಕೆಲಸ ಮಾಡುವ ಅಂಗಡಿಯದೇ ಚೀಲ. ತಾಯಿಯ ಹಾಲೇ ಮಗುವಿಗೆ ಶ್ರೇಷ್ಠ ಅಂತ ಡಬ್ಬದ ಮೇಲೆ ಮುದ್ರಿಸಲೇಬೇಕು. ಅದು 1992ರ ಶಿಶು ಹಾಲಿನ ಬದಲಿಗಳ ಕಾಯ್ದೆಯ ನಿಯಮ. ಎಷ್ಟೋ ಗಂಡಂದಿರಿಗೆ ಆ ಸಾಲಿಗೆ ಬೆರಳಿಟ್ಟು ತೋರಿಸಿದ್ದೇನೆ. ಅವತ್ತು ಆ ಸಾಲು ಓದಿ ಅಳು ಬಂತು.

ಮಕ್ಕಳ ಡಾಕ್ಟರು ರೌಂಡ್ಸಿಗೆ ಬಂದದ್ದು ಆಮೇಲೆ. ವಯಸ್ಸಾದವರು, ಮಾತು ಕಡಿಮೆ. ಮಗುವನ್ನು ಅಂಗೈ ಮೇಲೆ ಬೋರಲು ಹಾಕಿಕೊಂಡು ಕೈಕಾಲು ಎಷ್ಟು ಜೋತುಬೀಳುತ್ತವೆ ಅಂತ ನೋಡಿದರು. ಕಿರುಬೆರಳನ್ನು ಬಾಯಿಗಿಟ್ಟು ಚೀಪಿಸಿ ನೋಡಿದರು. ಆಮೇಲೆ, ಎದೆಯನ್ನೂ ಮೊಲೆತೊಟ್ಟನ್ನೂ ಬಿಟ್ಟು, ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು: "ಹೆರಿಗೆಗೆ ಮುಂಚೆ ನಿಮಗೇನಾದ್ರೂ ಇಂಜೆಕ್ಷನ್ ಕೊಟ್ಟಿದ್ರಾಮ್ಮ?"

"ನೋವಿನ ಇಂಜೆಕ್ಷನ್ ಕೊಟ್ರು ಸರ್."

"ಎಷ್ಟು ಗಂಟೆಗೆ?"

ಗೊತ್ತಿರಲಿಲ್ಲ. ಅವರೇ ಕೇಸ್ ಶೀಟ್ ತರಿಸಿ ಹಾಳೆ ತಿರುವಿದರು. ನೋವು ಮಂಕು ಮಾಡುವ ಪೆಥಿಡಿನ್ 75 ಮಿ.ಗ್ರಾಂ, ವಾಂತಿ ತಡೆಯುವ ಫೆನರ್ಗಾನ್ 25 ಮಿ.ಗ್ರಾಂ, ಬೆಳಗಿನ 3.10. ಹೆರಿಗೆ 5.40. ಎರಡೂ ಸಮಯಕ್ಕೆ ಪೆನ್ನಿನಿಂದ ಸುತ್ತು ಹಾಕಿ ನನಗೆ ತೋರಿಸಿದರು. "ಎರಡೂವರೆ ಗಂಟೆ. ಮಗು ಒಳಗೆ ಔಷಧಿ ತುಂಬಿಕೊಳ್ಳೋಕೆ ಸರಿಯಾದ ಹೊತ್ತು. ನಿಮ್ಮ ಹಾಲಿಗೇನೂ ಆಗಿಲ್ಲಮ್ಮ. ಕುಡಿಯೋನಿಗೆ ಎಚ್ಚರ ಇಲ್ಲ."

ಇದನ್ನು ಬರೆಯುವಾಗಲೂ ಆ ಮಾತಿಗೆ ಮೈ ಹಗುರವಾಗುತ್ತದೆ. ಜೊತೆಗೆ ಸಿಟ್ಟೂ ಬರುತ್ತದೆ. ನನ್ನ ಮಂಚದ ಕಾಲಿಗೆ ನೇತುಹಾಕಿದ ಹಾಳೆಯಲ್ಲೇ ಉತ್ತರ ಎರಡು ದಿನದಿಂದ ಇತ್ತು. ಎಲ್ಲರೂ ಹುಡುಕುತ್ತಿದ್ದದ್ದು ನನ್ನ ಕುಪ್ಪಸದೊಳಗೆ.

ಅವರು ಹೇಳಿಕೊಟ್ಟ ಕ್ರಮ ಸರಳ, ಮಾಡುವುದು ಮಾತ್ರ ದಣಿವಿನ ಕೆಲಸ. ಅಲಾರಾಂ ಇಟ್ಟು ಎರಡು ಗಂಟೆಗೊಮ್ಮೆ ಮಗುವನ್ನು ಎದೆಗೆ ಹಾಕಬೇಕು. ಬರಿಮೈಗೆ ಬರಿಮೈ ತಾಕುವಂತೆ ಮಲಗಿಸಿ ಮೇಲೆ ಹೊದಿಸಬೇಕು. ಹಿಡಿಯದಿದ್ದರೆ ಕೈಯಿಂದ ಹಿಂಡಿ ಒಳಲೆಯಲ್ಲಿ ಕುಡಿಸಬೇಕು. ಹಳದಿಯ, ಅಂಟಂಟಾದ ಆ ಮೊದಲ ಹಾಲು ಹಿಂಡಿದರೆ ಒಂದು ಚಮಚ ಆದರೆ ಹೆಚ್ಚು. "ಇಷ್ಟೇನಾ?" ಅಂತ ಅವ್ವನ ಮುಖ ಸಣ್ಣದಾಯಿತು. "ಮೊದಲ ದಿನಗಳಲ್ಲಿ ಕೂಸಿನ ಹೊಟ್ಟೆಗೆ ಅಷ್ಟೇ ಸಾಕು" ಅಂದರು ಡಾಕ್ಟರು. ಹಿಮ್ಮಡಿ ಚುಚ್ಚಿ ರಕ್ತದ ಸಕ್ಕರೆ ನೋಡಿದರು, 52 ಬಂತು, ತೊಂದರೆ ಇಲ್ಲ ಅಂದರು. ಹುಟ್ಟಿದಾಗ 2.9 ಕೆಜಿ ಇದ್ದವನು ಮೂರನೇ ದಿನ 2.68ಕ್ಕೆ ಇಳಿದಿದ್ದ. ಹಸುಗೂಸುಗಳ ತೂಕ ಮೊದಲ ದಿನಗಳಲ್ಲಿ ಶೇ 10ರವರೆಗೆ ಇಳಿಯುವುದುಂಟು, ಅದರೊಳಗೇ ಇದ್ದ. ಡಬ್ಬ ತೆರೆಯಲಿಲ್ಲ. ಅತ್ತೆ ಮೊಮ್ಮಗನಿಗೆಂದು ತಂದಿದ್ದ ಬೆಳ್ಳಿ ಒಳಲೆ ಶಾಸ್ತ್ರಕ್ಕಿಂತ ಮೊದಲೇ ಕೆಲಸಕ್ಕೆ ಬಂತು.

ಆ ರಾತ್ರಿ ನಿದ್ದೆ ಬಾರದೆ ಪಕ್ಕದ ಮಂಚದವಳ ಹತ್ತಿರ ಮಾತಿಗೆ ಕೂತೆ. ಅವಳಿಗೂ ಅದೇ ಇಂಜೆಕ್ಷನ್ ಕೊಟ್ಟಿದ್ದರು! ಆದರೆ ಸೂಜಿ ಹಾಕಿ ಮುಕ್ಕಾಲು ಗಂಟೆಯೊಳಗೆ ಅವಳಿಗೆ ಹೆರಿಗೆಯಾಗಿತ್ತು. ಎರಡನೆಯ ಮಗು, ಸರಸರನೆ ಬಂದುಬಿಟ್ಟಿತ್ತು. ಅದೇ ಔಷಧಿ, ಹತ್ತಿರ ಹತ್ತಿರ ಅದೇ ಅಳತೆ. ಅವಳ ಮಗು ಗಂಟಲು ಹರಿಯುವಂತೆ ಅಳುತ್ತಿತ್ತು, ನನ್ನದು ಮಲಗಿತ್ತು. ಡಾಕ್ಟರು ಹೊತ್ತಿನ ಬಗ್ಗೆ ಹೇಳಿದ್ದು ಆಗ ಪೂರ್ತಿ ಅರ್ಥವಾಯಿತು. ಸ್ನಾಯುವಿಗೆ ಕೊಟ್ಟ ಪೆಥಿಡಿನ್ ತಾಯಿಯ ರಕ್ತಕ್ಕೆ ಸೇರಿ, ಮಾಸು ದಾಟಿ, ಮಗುವಿನ ಅಂಗಾಂಗಗಳಲ್ಲಿ ಕೂರಲು ಸಮಯ ಬೇಕು. ಗಂಟೆಯೊಳಗೆ ಹುಟ್ಟಿದ ಮಗುವಿಗೆ ಅದು ಅಷ್ಟಾಗಿ ಮುಟ್ಟಿರುವುದಿಲ್ಲ. ಎರಡು–ಮೂರು ಗಂಟೆಗೆ ಹುಟ್ಟಿದರೆ ಉಸಿರಿಗೆ ಮಂಕು ಕವಿಯುವ ಸಂಭವ ಎಲ್ಲಕ್ಕಿಂತ ಹೆಚ್ಚು. ಆದರೆ ಬ್ಯಾನೆ ತಿನ್ನುತ್ತಿರುವ ಹೆಂಗಸಿಗೆ ಎಷ್ಟು ಹೊತ್ತಿಗೆ ಹೆರಿಗೆಯಾಗುತ್ತದೆ ಅಂತ ಯಾರು ಬರೆದುಕೊಡುತ್ತಾರೆ? ಸಿಸ್ಟರನ್ನು ನಾನು ಪೂರ್ತಿ ದೂರದಿರುವುದು ಇದಕ್ಕೇ.

ಮೂರನೇ ದಿನ ಸಂಜೆ, ಅತ್ತೆ ಬೆಣ್ಣೆ ದೋಸೆಯ ಪೊಟ್ಟಣ ತಂದು ನನಗೆ ಕೊಡಲಾರದೆ ಅಣ್ಣನಿಗೆ ಕೊಡುತ್ತಿದ್ದ ಹೊತ್ತಿನಲ್ಲಿ, ಅವನು ಕಣ್ಣು ಬಿಟ್ಟು, ಕಾಲು ಝಾಡಿಸಿ, ಮುಖ ಕೆಂಪಗೆ ಮಾಡಿಕೊಂಡು ಕಿರುಚಿದ. ನಿಜವಾದ ಅಳು. ಅವ್ವ "ಅಳಪ್ಪಾ, ಅಳು, ಚೆನ್ನಾಗಿ ಅಳು" ಅನ್ನುತ್ತಾ ತಾನೇ ಅತ್ತಳು. ಆ ರಾತ್ರಿ ಅವನು ಎದೆ ಬಿಡಲೇ ಇಲ್ಲ.

ಬಾಣಂತನದ ಕೋಣೆಯಲ್ಲಿ ನನ್ನ ಹಳೇ ನೋಟ್ಸು ತರಿಸಿಕೊಂಡೆ. ಬಾಣಂತಿ ಓದಬಾರದು, ಕಣ್ಣಿಗೆ ಕೇಡು ಅಂತ ಅಜ್ಜಿ ದೀಪ ಆರಿಸುತ್ತಿದ್ದಳು. ನಾನು ಮೊಬೈಲ್ ಬೆಳಕಿನಲ್ಲಿ ಓದುತ್ತಿದ್ದೆ. ಪೆಥಿಡಿನ್ ಹೊಸ ಔಷಧಿಯೇನಲ್ಲ, 1930ರ ದಶಕದ ಕೊನೆಗೆ ಜರ್ಮನಿಯಲ್ಲಿ ತಯಾರಾದದ್ದು. ಹೆರಿಗೆಯಲ್ಲಿ ಅದರ ಬಳಕೆಗೆ ಮುಕ್ಕಾಲು ಶತಮಾನದ ಇತಿಹಾಸವಿದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಅರ್ಧಾಯು ಅನ್ನುವ ಪದ ಆ ರಾತ್ರಿಗಳಲ್ಲಿ ನನಗೆ ಜೀವ ಪಡೆಯಿತು. ದೇಹದಲ್ಲಿರುವ ಔಷಧಿ ಅರ್ಧಕ್ಕೆ ಇಳಿಯಲು ಬೇಕಾದ ಕಾಲ ಅದು. ದೊಡ್ಡವರಲ್ಲಿ ಪೆಥಿಡಿನ್‌ಗೆ ಮೂರು–ನಾಲ್ಕು ಗಂಟೆ. ಲಿವರ್ ಇನ್ನೂ ಬಲಿಯದ ಹಸುಗೂಸಿನಲ್ಲಿ 20 ಗಂಟೆಯ ಹತ್ತಿರ. ನಾನು ಮಧ್ಯಾಹ್ನದ ಹೊತ್ತಿಗೆ ಚೇತರಿಸಿಕೊಂಡು ಕಾಫಿ ಕೇಳಿದ್ದೆ. ಅವನ ಮೈಯಲ್ಲಿ ಆಗ ಅರ್ಧವೂ ಖಾಲಿಯಾಗಿರಲಿಲ್ಲ. ಅಷ್ಟಕ್ಕೇ ಮುಗಿಯುವುದಿಲ್ಲ. ದೇಹ ಪೆಥಿಡಿನ್ನನ್ನು ಒಡೆದಾಗ ನಾರ್‌ಪೆಥಿಡಿನ್ ಅನ್ನುವ ಇನ್ನೊಂದು ವಸ್ತು ಆಗುತ್ತದೆ. ಅದಕ್ಕೂ ಮಗುವಿನ ಮೇಲೆ ಪರಿಣಾಮವಿದೆ. ಎಳೆಗೂಸಿನಲ್ಲಿ ಅದರ ಅರ್ಧಾಯು 60 ಗಂಟೆ ದಾಟುತ್ತದೆ. ಮೂರು ದಿನದ ನಿದ್ದೆಯ ಲೆಕ್ಕ ಅಲ್ಲಿಗೆ ಸಿಕ್ಕಿತು.

ಇನ್ನೊಂದು ಸಂಗತಿ ಓದಿ ಬೆರಗಾದೆ. ಹೊಟ್ಟೆಯೊಳಗಿನ ಮಗುವಿನ ರಕ್ತ ತಾಯಿಯ ರಕ್ತಕ್ಕಿಂತ ಒಂದು ಎಳೆ ಹೆಚ್ಚು ಆಮ್ಲೀಯ. ಪೆಥಿಡಿನ್ ಕ್ಷಾರ ಗುಣದ್ದು. ಆಚೆಯಿಂದ ಸುಲಭವಾಗಿ ಒಳಗೆ ಬಂದದ್ದು ಈಚೆಯ ಹುಳಿಯಲ್ಲಿ ರೂಪ ಬದಲಿಸಿ, ವಾಪಸು ಹೋಗಲಾರದೆ ಸಿಕ್ಕಿಬೀಳುತ್ತದೆ. ಇಲಿಬೋನಿನ ಬಾಗಿಲಿನ ಹಾಗೆ. ಹೆರಿಗೆ ಎಳೆದು ಮಗು ಸುಸ್ತಾದಷ್ಟೂ ರಕ್ತದ ಹುಳಿ ಏರುತ್ತದೆ, ಬೋನು ಇನ್ನಷ್ಟು ಬಿಗಿಯುತ್ತದೆ.

ಡಿಸ್ಚಾರ್ಜ್ ಹಾಳೆಯಲ್ಲಿ 'ಅಪ್ಗಾರ್ 6, 9' ಅಂತ ಬರೆದಿತ್ತು. ಹೃದಯದ ಬಡಿತ, ಉಸಿರಾಟ, ಮೈ ಬಿಗಿ, ಚುರುಕು, ಬಣ್ಣ ಈ ಐದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ ಕೊಟ್ಟು, ಒಂದನೇ ನಿಮಿಷಕ್ಕೊಮ್ಮೆ, ಐದನೇ ನಿಮಿಷಕ್ಕೊಮ್ಮೆ ಕೂಡಿಸುವ ಲೆಕ್ಕ. ಹುಟ್ಟಿದ ಕೂಡಲೇ ಪರೀಕ್ಷೆ, ಆರು ಮಾರ್ಕ್ಸು ಅಂತ ನಮ್ಮನೆಯವರು ತಮಾಷೆ ಮಾಡಿದರು. ಈ ಲೆಕ್ಕ ಕಟ್ಟಿದ ವರ್ಜೀನಿಯಾ ಅಪ್ಗಾರ್ ಮಕ್ಕಳ ಡಾಕ್ಟರಾಗಿರಲಿಲ್ಲ, ಹೆರಿಗೆ ಡಾಕ್ಟರೂ ಅಲ್ಲ. ನ್ಯೂಯಾರ್ಕಿನ ಅರಿವಳಿಕೆ ತಜ್ಞೆ. 1952ರಲ್ಲಿ ಆಕೆ ಇದನ್ನು ರೂಪಿಸಿದ್ದರ ಹಿಂದೆ, ತಾಯಿಗೆ ಕೊಡುವ ಅರಿವಳಿಕೆ ಮಗುವಿಗೆ ಏನು ಮಾಡುತ್ತದೆ ಅನ್ನುವ ಚಿಂತೆಯೂ ಇತ್ತು. ಅಂದರೆ ನನ್ನ ಪ್ರಶ್ನೆ ನನ್ನ ಮಗನ ಹಾಳೆಯ ಮೇಲೆ ಮೊದಲೇ ಅಂಕಿಯಾಗಿ ಕೂತಿತ್ತು.

ಎರಡನೆಯ ಸಲ, 2022ರಲ್ಲಿ, ನಾನು ಬೇರೆ ಹೆಂಗಸಾಗಿದ್ದೆ. ಆಸ್ಪತ್ರೆಯೂ ಬೇರೆ. ಅವ್ವನಿಗೆ ಮಂಡಿ ನೋವು ಅಂತ ಬಾಣಂತನ ಅತ್ತೆಯ ಪಾಲಿಗೆ ಬಂತು. ಎಂಟು ತಿಂಗಳಾದಾಗ ಎಪಿಡ್ಯೂರಲ್, ಅಂದರೆ ಹೆರಿಗೆ ನೋವು ಇಳಿಸಲು ಬೆನ್ನಿಗೆ ಕೊಡುವ ಔಷಧಿಯ ಬಗ್ಗೆ ಕೇಳಲು ಅನಸ್ತೇಷಿಯಾ ಡಾಕ್ಟರನ್ನು ನೋಡಬೇಕು ಅಂದೆ. ಹೆರಿಗೆ ಡಾಕ್ಟರ್ ಮೇಡಂ ಹುಬ್ಬೇರಿಸಿದರೂ ಕಳಿಸಿಕೊಟ್ಟರು. ಅಂಗಡಿಯ ಬಿಲ್ಲಿನ ಹಿಂಬದಿಯಲ್ಲಿ ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಯಾವ ಔಷಧಿ, ಎಷ್ಟು, ಮಗುವಿಗೆ ಎಷ್ಟು ಮುಟ್ಟುತ್ತದೆ, ಕೊಟ್ಟ ಹೊತ್ತನ್ನು ಮಕ್ಕಳ ಡಾಕ್ಟರಿಗೆ ಯಾರು ಹೇಳುತ್ತಾರೆ?

ಆಕೆ ನನಗಿಂತ ಚಿಕ್ಕವರು. ಬಿಲ್ಲು ಇಸಿದುಕೊಂಡು ಓದಿ ನಕ್ಕರು. "ಕೊನೇ ಪ್ರಶ್ನೆ ಇದುವರೆಗೆ ಯಾರೂ ಕೇಳಿರ್ಲಿಲ್ಲ ಬಿಡಿ" ಅಂದರು. ಬೆನ್ನುಹುರಿಯ ಪೊರೆಯ ಹೊರಗೆ ಸಣ್ಣ ನಳಿಗೆ ಕೂರಿಸಿ, ನರ ಮರಗಟ್ಟಿಸುವ ಬುಪಿವಕೇನ್ ಶೇ 0.1ರಷ್ಟು ತೆಳುವಾಗಿ, ಅದರೊಂದಿಗೆ ಪೆಥಿಡಿನ್ ಜಾತಿಯದೇ ಆದ ಫೆಂಟನಿಲ್ ಮಿಲಿಲೀಟರಿಗೆ 2 ಮೈಕ್ರೋಗ್ರಾಂ ಬೆರೆಸಿ ಹರಿಸುತ್ತೇವೆ ಅಂದರು. ಸೊಂಟಕ್ಕೆ ಚುಚ್ಚಿದ ಪೆಥಿಡಿನ್ ಪೂರ್ತಿಯಾಗಿ ರಕ್ತಕ್ಕೇ ಹೋಗುತ್ತದೆ. ಇದು ನರಗಳ ಬುಡದಲ್ಲೇ ಕೆಲಸ ಮಾಡುವುದರಿಂದ ತೀರಾ ಸ್ವಲ್ಪ ಔಷಧಿಯಲ್ಲಿ ಕೆಲಸ ಆಗುತ್ತದೆ. ಆದರೆ ಮಗುವಿಗೆ ಏನೂ ಮುಟ್ಟುವುದಿಲ್ಲ ಅನ್ನುವುದು ಸುಳ್ಳು ಅಂತ ಅವರೇ ಹೇಳಿದರು. ಫೆಂಟನಿಲ್ ಸ್ವಲ್ಪ ದಾಟುತ್ತದೆ. ಅದರ ಒಟ್ಟು ಪ್ರಮಾಣ ಏರಿದರೆ ಮೊದಲ ದಿನಗಳ ಹಾಲೂಡಿಕೆಗೆ ತೊಡಕಾಗುತ್ತದೆ ಅಂತ ಕೆಲವು ಅಧ್ಯಯನ, ಏನೂ ವ್ಯತ್ಯಾಸವಿಲ್ಲ ಅಂತ ಇನ್ನು ಕೆಲವು. ಔಷಧಿ ನೇರವಾಗಿ ಮುಟ್ಟುವುದಕ್ಕಿಂತ ಸುತ್ತು ದಾರಿಯಲ್ಲಿ ಬರುವ ತೊಂದರೆಗಳೇ ಹೆಚ್ಚು. ತಾಯಿಯ ಬಿಪಿ ಇಳಿದರೆ ಮಾಸಿಗೆ ಹೋಗುವ ರಕ್ತ ಕಡಿಮೆಯಾಗಿ ಮಗುವಿನ ಎದೆಬಡಿತ ಇಳಿಯಬಹುದು. ತಾಯಿಗೆ ಜ್ವರ ಬರಬಹುದು. ಮುಕ್ಕುವ ಹಂತ ಉದ್ದವಾಗಬಹುದು. 2018ರ ಕಾಕ್ರೇನ್ ಸಮೀಕ್ಷೆಯಲ್ಲಿ ಹತ್ತಾರು ಪ್ರಯೋಗಗಳನ್ನು ಕೂಡಿಸಿ ನೋಡಿದಾಗ, ಎಪಿಡ್ಯೂರಲ್ ಪಡೆದವರಿಗೂ ಪಡೆಯದವರಿಗೂ ಐದನೇ ನಿಮಿಷದ ಅಪ್ಗಾರ್ ಅಂಕದಲ್ಲಾಗಲಿ, ಹಸುಗೂಸುಗಳ ತೀವ್ರ ನಿಗಾ ಘಟಕ (ಎನ್‌ಐಸಿಯು) ಸೇರುವ ಮಕ್ಕಳ ಪ್ರಮಾಣದಲ್ಲಾಗಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲವಂತೆ. ಸಿಜೇರಿಯನ್ ಕೂಡ ಹೆಚ್ಚಾಗಿರಲಿಲ್ಲ. ಪೆಥಿಡಿನ್ನಿನಂಥ ಔಷಧಿಯ ಮಂಪರನ್ನು ಮುರಿಯುವ ನಲೋಕ್ಸೋನ್ ಅನ್ನು ಮಗುವಿಗೆ ಕೊಡಬೇಕಾದ ಸಂದರ್ಭ ಎಪಿಡ್ಯೂರಲ್ ಪಡೆದವರಲ್ಲಿ ಕಡಿಮೆ.

"ಹಾಗಾದ್ರೆ ಏನೂ ತಗೊಳ್ಳದೇ ಇರೋದೇ ಒಳ್ಳೇದಲ್ವಾ ಮೇಡಂ?" ಅಂದೆ. ಒಳಗೊಳಗೆ ಈ ಪ್ರಶ್ನೆ ನನ್ನದಲ್ಲ, ನಮ್ಮ ಅಜ್ಜಿಯದು.

"ನೋವು ಪುಕ್ಕಟೆ ಅಂದ್ಕೊಂಡಿದೀರಾ?" ಅಂದರು ಅವರು. ತಡೆಯಲಾರದ ನೋವಿನಲ್ಲಿ ತಾಯಿ ಜೋರಾಗಿ ಏದುಸಿರು ಬಿಟ್ಟಾಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಗರ್ಭಕೋಶದ ರಕ್ತನಾಳಗಳು ಬಿಗಿಯುತ್ತವೆ. ಹೆದರಿಕೆಯ ಅಡ್ರಿನಲಿನ್ ಸೇರಿದರೆ ಇನ್ನೂ ಬಿಗಿ. ಮಗುವಿಗೆ ಹೋಗುವ ಆಮ್ಲಜನಕ ಆಗಲೂ ಕಡಿಮೆಯಾಗುತ್ತದೆ. ಅರ್ಧ ಆಮ್ಲಜನಕ, ಅರ್ಧ ನೈಟ್ರಸ್ ಆಕ್ಸೈಡ್ ಬೆರೆಸಿದ ಗ್ಯಾಸಿನ ಬಗ್ಗೆಯೂ ಕೇಳಿದೆ. ಉಸಿರಿನಲ್ಲಿ ಒಳಗೆ ಹೋಗಿ ನಿಮಿಷಗಳಲ್ಲಿ ಉಸಿರಿನಲ್ಲೇ ಹೊರಗೆ ಬರುವ ಅದು ಮಗುವನ್ನು ಮಂಕು ಮಾಡುವುದಿಲ್ಲ. ನೋವನ್ನೂ ಅರೆಬರೆ ಕಳೆಯುತ್ತದೆ ಅಷ್ಟೇ. ಆ ಆಸ್ಪತ್ರೆಯಲ್ಲಿ ಅದು ಇರಲಿಲ್ಲ. "ಇನ್ನೊಂದು ವಿಷ್ಯ, ರಾತ್ರಿ ಎರಡಕ್ಕೆ ಬ್ಯಾನೆ ಬಂದ್ರೆ ನಾನು ಸಿಕ್ತೀನಿ ಅಂತ ಭಾಷೆ ಕೊಡಲ್ಲ. ನಾನು ಒಬ್ಬಳೇ ಇರೋದು" ಅಂತ ಕೊನೆಗೆ ಸೇರಿಸಿದರು. ಆ ಪ್ರಾಮಾಣಿಕತೆಗೇ ನಾನು ಅರ್ಧ ಒಪ್ಪಿದೆ.

ಮನೆಯಲ್ಲಿ ಅತ್ತೆ ಒಪ್ಪಲಿಲ್ಲ. "ಬೆನ್ನಿಗೆ ಚುಚ್ಚಿಸ್ಕೊಂಡ್ರೆ ಸಾಯೋವರೆಗೂ ಬೆನ್ನು ನೋವು ಕಣಮ್ಮ. ನಮ್ಮ ಓಣೀಲೇ ನಾಕು ಮಂದಿ ಅದಾರೆ." ಎಪಿಡ್ಯೂರಲ್‌ನಿಂದ ಕಾಯಂ ಬೆನ್ನುನೋವು ಬರುತ್ತದೆ ಅನ್ನುವುದು ಪ್ರಯೋಗಗಳಲ್ಲಿ ರುಜುವಾಗಿಲ್ಲ ಅಂದೆ. ಆ ನಾಲ್ಕು ಮಂದಿ ಯಾವ ಪ್ರಯೋಗಕ್ಕೂ ಸೇರಿದವರಲ್ಲ ಅನ್ನುವಂತೆ ನೋಡಿದರು.

ಪುಣ್ಯಕ್ಕೆ ಬ್ಯಾನೆ ಹಗಲಲ್ಲೇ ಬಂತು. ಬೆಳಿಗ್ಗೆ ಹನ್ನೊಂದಕ್ಕೆ, ನಾಲ್ಕು ಸೆಂಟಿಮೀಟರ್ ತೆರೆದಿದ್ದಾಗ, ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ಕೂರಿಸಿದರು. ತುಂಬು ಹೊಟ್ಟೆ ಇಟ್ಟುಕೊಂಡು ಬಾಗುವುದು, ನಡುವೆ ಬ್ಯಾನೆ ಬಂದರೂ ಅಲುಗಾಡದಿರುವುದು, ಅದೇ ಕಷ್ಟ. ಸೂಜಿ ಅಷ್ಟೇನಲ್ಲ. ಇಪ್ಪತ್ತು ನಿಮಿಷಕ್ಕೆ ನೋವು ಇಳಿದು, ಹೊಟ್ಟೆ ಕಲ್ಲಾಗುವುದು ಮಾತ್ರ ಕೈಗೆ ತಿಳಿಯುತ್ತಿತ್ತು. ತಲೆ ತಿಳಿಯಾಗಿತ್ತು. ದೊಡ್ಡವನನ್ನು ಶಾಲೆಯಿಂದ ಯಾರು ಕರೆತರುತ್ತಾರೆ ಅಂತ ಫೋನಿನಲ್ಲಿ ಜಗಳವಾಡಿದೆ.

ಎಲ್ಲ ಸಲೀಸಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಅರ್ಧ ಗಂಟೆಯೊಳಗೆ ಕಣ್ಣು ಕತ್ತಲಿಟ್ಟಿತು, ಬಿಪಿ 88ಕ್ಕೆ ಇಳಿದಿತ್ತು. ಪಕ್ಕದ ಯಂತ್ರದಲ್ಲಿ ಟಕಟಕ ಓಡುತ್ತಿದ್ದ ಮಗುವಿನ ಎದೆಬಡಿತ 140ರಿಂದ ನೂರರ ಹತ್ತಿರ ಬಂದು ಎಳೆದೆಳೆದು ಬಡಿಯತೊಡಗಿತು. ಆ ಸದ್ದು ನಿಧಾನವಾಗುವುದನ್ನು ಕೇಳುವುದಿದೆಯಲ್ಲ, ಅದು ಯಾವ ಬ್ಯಾನೆಗೂ ಕಡಿಮೆಯಲ್ಲ. ಎಡಮಗ್ಗುಲಿಗೆ ಹೊರಳಿಸಿ, ಗ್ಲೂಕೋಸ್ ಬಾಟಲಿ ಅನ್ನುತ್ತೀವಲ್ಲ, ಅಂಥದೊಂದನ್ನು ಜೋರಾಗಿ ಬಿಟ್ಟು, ಬಿಪಿ ಏರಿಸುವ ಔಷಧಿ ಕೊಟ್ಟರು. ಮೂರು ನಾಲ್ಕು ನಿಮಿಷಕ್ಕೆ ಟಕಟಕ ಮರಳಿತು. ಮೇಡಂ ನನ್ನ ಮಂಚದ ಪಕ್ಕದಿಂದ ಕದಲಿರಲಿಲ್ಲ.

ಸಂಜೆ ಮೈ ಬೆಚ್ಚಗಾಗಿ 100.6 ಜ್ವರ. ಮುಕ್ಕುವುದು ಎರಡು ಗಂಟೆ ಹಿಡಿಯಿತು. ಏಳು ಇಪ್ಪತ್ತಕ್ಕೆ ಮಗಳು ಹುಟ್ಟಿದಳು. ತಲೆ ಹೊರಗೆ ಬಂದು ಮೈ ಇನ್ನೂ ಬರುವ ಮೊದಲೇ ದನಿ ತೆಗೆದಳು. ಎದೆ ಮೇಲೆ ಹಾಕಿದರು. ಹೊಟ್ಟೆಯ ಮೇಲಿಂದ ತಲೆ ಆಡಿಸುತ್ತಾ, ಮೂಗಿನಿಂದ ಹುಡುಕುತ್ತಾ, ಮುಕ್ಕಾಲು ಗಂಟೆಯೊಳಗೆ ತಾನೇ ಬಾಯಿ ಹಾಕಿದಳು. ದೊಡ್ಡವನು ಮೂರು ದಿನ ಮಾಡದ ಕೆಲಸ. ಆದರೆ ನನಗೆ ಜ್ವರ ಬಂದಿತ್ತಲ್ಲ, ಅದು ಎಪಿಡ್ಯೂರಲ್‌ನದೋ ಸೋಂಕಿನದೋ ಅಂತ ಆ ಹೊತ್ತಿಗೆ ಹೇಳುವಂತಿಲ್ಲ. ಹಾಗಾಗಿ ಮಗುವಿಗೆ ರಕ್ತ ಪರೀಕ್ಷೆ, ಒಂದು ರಾತ್ರಿ ನಿಗಾ. ಆ ಪುಟ್ಟ ಕೈಯಿಂದ ರಕ್ತ ತೆಗೆಯುವಾಗ ಅತ್ತೆ ನನ್ನತ್ತ ನೋಡಿದ ನೋಟದಲ್ಲಿ "ಹೇಳಿದ್ದೆ" ಅನ್ನುವುದು ಇತ್ತು. ಅದು ತಪ್ಪೂ ಅಲ್ಲ. ಬೆಳಿಗ್ಗೆ ವರದಿ ಚೆನ್ನಾಗಿ ಬಂತು.

ಮಕ್ಕಳ ಡಾಕ್ಟರು ಬಂದಾಗ ನಾನು ಬಿಲ್ಲಿನ ಹಿಂಬದಿ ತೋರಿಸಿದೆ. ಔಷಧಿ, ಪ್ರಮಾಣ, ಶುರುವಾದ ಹೊತ್ತು, ನಿಂತ ಹೊತ್ತು, ಬಿಪಿ ಇಳಿದ ಹೊತ್ತು ಎಲ್ಲವನ್ನೂ ನಮ್ಮನೆಯವರ ಕೈಯಲ್ಲಿ ಬರೆಸಿದ್ದೆ. ಅವರು ಅದನ್ನು ಮಗುವಿನ ಫೈಲಿಗೆ ಪಿನ್ ಮಾಡಿಸಿದರು. ನನ್ನ ಅಂಗಡಿಯ ಬಿಲ್ಲು, ಒಂದು ಬದಿಯಲ್ಲಿ ಯಾರದೋ ಶುಗರ್ ಮಾತ್ರೆಯ ಲೆಕ್ಕ, ಇನ್ನೊಂದು ಬದಿಯಲ್ಲಿ ನನ್ನ ಮಗಳು.

ದೊಡ್ಡವನಿಗೆ ಆಗ ಆರು. ಚುರುಕು, ತಂಟೆಕೋರ. ಆ ಮೂರು ದಿನದ ಗುರುತು ಅವನಲ್ಲಿ ಎಲ್ಲೂ ಇಲ್ಲ. ಅದು ತಾತ್ಕಾಲಿಕ, ಔಷಧಿ ಇಳಿದ ಮೇಲೆ ಮುಗಿಯಿತು ಅಂತ ಅವತ್ತೇ ಡಾಕ್ಟರು ಹೇಳಿದ್ದರು. ತಂಗಿಯನ್ನು ನೋಡಲು ಬಂದವನು ಕಿವಿ ಮುಚ್ಚಿಕೊಂಡು ಓಡಿಹೋದ. ಯಾಕೆಂದರೆ ಮಗಳು ಅಳುವುದರಲ್ಲಿ ಆ ಮೊದಲ ವಾರ್ಡಿನ ಹುಡುಗಿಯನ್ನೂ ಮೀರಿಸಿದ್ದಳು.

ಮನೆಗೆ ಬಂದ ಮೂರನೇ ರಾತ್ರಿ. ಎರಡು ಗಂಟೆ. ಅತ್ತೆ ಮಗುವನ್ನು ತೋಳಿನಲ್ಲಿ ಹಾಕಿಕೊಂಡು, ಹಿತ್ತಲ ಬಾಗಿಲಿನಿಂದ ದೇವರ ಕೋಣೆಯವರೆಗೆ ನಲವತ್ತನೆಯ ಸಲ ನಡೆಯುತ್ತಿದ್ದರು. ಬೆಳ್ಳಿ ಒಳಲೆ ಬೀರುವಿನಲ್ಲೇ ಇತ್ತು, ಅದಕ್ಕೆ ಈ ಸಲ ಕೆಲಸವೇ ಇರಲಿಲ್ಲ. ನಾನು ಗೋಡೆಗೊರಗಿ ತೂಕಡಿಸುತ್ತಿದ್ದೆ. ಅತ್ತೆ ನನ್ನ ಮುಂದೆ ಬಂದು ನಿಂತರು. ಸೆರಗು ಜಾರಿತ್ತು, ಕಣ್ಣು ಕೆಂಪಗಾಗಿದ್ದವು.

"ಏನಮ್ಮ," ಅಂದರು, "ದೊಡ್ಡೋನಿಗೆ ಕೊಟ್ಟಿದ್ರಲ್ಲ ಆ ಇಂಜೆಕ್ಷನ್ನು, ನಿಮ್ಮ ಅಂಗಡೀಲಿ ಸಿಗಲ್ವಾ?"